ಹುಟ್ಟು ಎಳೆಯುವುದು ಕಾಲಿನಿಂದ: ರೋಯಿಂಗ್ ಸ್ಪರ್ಧಿಯ ಸ್ನಾಯು, ಬೆನ್ನು ಮತ್ತು ಉಸಿರಿಗೊಂದು ಮಾರ್ಗದರ್ಶಿ

ಹಂಪಿಯ ಬಳಿ ತುಂಗಭದ್ರೆಯಲ್ಲೋ ತಲಕಾಡಿನ ಕಾವೇರಿಯಲ್ಲೋ ಹರಿಗೋಲಿಗೆ ಹುಟ್ಟು ಹಾಕುವವರನ್ನು ನೋಡಿದವರಿಗೆ ರೋಯಿಂಗ್ ಎಂದರೆ ತೋಳು, ಹೆಗಲಿನ ಕೆಲಸ ಅನಿಸುತ್ತದೆ. ಹರಿಗೋಲಿನ ಮಟ್ಟಿಗೆ ಅದು ಸರಿ. ಅಲ್ಲಿ ಕಾಲಿಗೆ ಒದೆಯಲು ಗಟ್ಟಿ ಆಸರೆಯಿಲ್ಲ. ರೇಸಿಂಗ್ ದೋಣಿಯಲ್ಲಿ ಸೀಟಿಗೆ ಚಕ್ರಗಳಿವೆ, ಅದು ಹಳಿಯ ಮೇಲೆ ಹಿಂದೆ ಮುಂದೆ ಜಾರುತ್ತದೆ. ಪಾದಗಳನ್ನು ಓರೆಯಾದ ಫುಟ್ ಸ್ಟ್ರೆಚರ್‌ಗೆ ಬಿಗಿದಿರುತ್ತಾರೆ. ಸ್ಪರ್ಧಿ ಗುರಿಗೆ ಬೆನ್ನು ಹಾಕಿ ಕೂತು ಆ ಹಲಗೆಯನ್ನು ಒದೆಯುತ್ತಾರೆ. ಇದರಿಂದ ಲೆಕ್ಕವೇ ಬದಲಾಗುತ್ತದೆ: ಒಂದು ಸ್ಟ್ರೋಕ್‌ನ, ಅಂದರೆ ಒಂದು ಸಲ ಹುಟ್ಟು ಎಳೆದು ಮರಳುವುದರ, ಶಕ್ತಿಯಲ್ಲಿ ಅರ್ಧಕ್ಕೆ ಹತ್ತಿರದ ಪಾಲು ಕಾಲುಗಳದು, ಸುಮಾರು ಮೂರನೇ ಒಂದು ಪಾಲು ಮುಂಡದ್ದು, ತೋಳಿಗೆ ಉಳಿಯುವುದು ಐದನೇ ಒಂದರಷ್ಟು ಮಾತ್ರ.

ಕಾಲು ಹುಟ್ಟಿಸಿದ ಬಲ ಕೈಯಲ್ಲಿರುವ ಹಿಡಿಗೆ ತಲುಪಬೇಕಾದರೆ ಸೊಂಟ ಮತ್ತು ಬೆನ್ನನ್ನು ದಾಟಿಯೇ ಹೋಗಬೇಕು. ಬೆನ್ನು ಗೂನಾಗಿ ಕುಸಿದರೆ ಬಲ ಅಲ್ಲೇ ಸೋರುತ್ತದೆ. ಸೋರಿದ ಬಲದ ಹೊರೆ ಸೊಂಟದ ಡಿಸ್ಕ್‌ಗಳ ಮೇಲೆ ಬೀಳುತ್ತದೆ. ವೇಗ ಕಳೆದುಕೊಳ್ಳುವುದೂ ಬೆನ್ನುನೋವು ತರಿಸಿಕೊಳ್ಳುವುದೂ ಒಂದೇ ತಪ್ಪಿನಿಂದ. ಈ ಲೇಖನದ ಹಂತಗಳೆಲ್ಲ ಆ ತಪ್ಪನ್ನು ಹುಡುಕಿ ಸರಿಪಡಿಸುವುದಕ್ಕೇ ಇವೆ. ಹೆಚ್ಚಿನವರಿಗೆ ಮೊದಲು ಸಿಗುವುದು ಒಳಾಂಗಣದ ರೋಯಿಂಗ್ ಯಂತ್ರವಾದ್ದರಿಂದ ಅದನ್ನೇ ಮುಂದಿಟ್ಟುಕೊಂಡು ಹೇಳುತ್ತೇವೆ. ಎರ್ಗೋಮೀಟರ್ ಎಂಬ ಆ ಯಂತ್ರವನ್ನು ಆಟಗಾರರು ಎರ್ಗ್ ಎನ್ನುತ್ತಾರೆ. ನೀರಿನಲ್ಲಿ ಬದಲಾಗುವ ಸಂಗತಿಗಳನ್ನು ಅಲ್ಲಲ್ಲೇ ತಿಳಿಸಿದ್ದೇವೆ.

ಯಂತ್ರ ಹತ್ತುವ ಮೊದಲು

ಮೂರು ಪರೀಕ್ಷೆ ಮಾಡಿಕೊಳ್ಳಿ. ಹತ್ತು ನಿಮಿಷ ಸಾಕು.

ಮೊದಲನೆಯದು ಕುಕ್ಕುರುಗಾಲು. ಬರಿಗಾಲಲ್ಲಿ, ಹಿಮ್ಮಡಿ ನೆಲಕ್ಕೆ ಊರಿಕೊಂಡು ಪೂರ್ತಿ ಕೂತು ಒಂದು ನಿಮಿಷ ಇರಿ. ನೆಲದ ಮೇಲೆ ಕೂತು ಎದ್ದು ಬೆಳೆದವರಿಗೆ ಇದು ಸಲೀಸು. ಕುರ್ಚಿಯಲ್ಲೇ ಬೆಳೆದ ಹುಡುಗರಿಗೆ ಹಿಮ್ಮಡಿ ಮೇಲೇಳುತ್ತದೆ, ಇಲ್ಲವೇ ಹಿಂದಕ್ಕೆ ಬೀಳುತ್ತಾರೆ. ಸ್ಟ್ರೋಕ್‌ನ ಆರಂಭದಲ್ಲಿ ಕಣಕಾಲು ನೆಲಕ್ಕೆ ಲಂಬವಾಗಿ ನಿಲ್ಲಬೇಕು. ಪಾದದ ಕೀಲು ಅಷ್ಟು ಮಡಚದಿದ್ದರೆ ಆ ಕೊರತೆಯನ್ನು ಬೆನ್ನು ಬಾಗಿ ತುಂಬಿಕೊಡುತ್ತದೆ.

ಎರಡನೆಯದು ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯು. ಅಂಗಾತ ಮಲಗಿ, ಒಂದು ಕಾಲನ್ನು ನೆಲಕ್ಕೆ ಒತ್ತಿಟ್ಟು, ಇನ್ನೊಂದನ್ನು ಮಂಡಿ ಮಡಚದೆ ಮೇಲೆತ್ತಿ. ಹತ್ತಿರ ಹತ್ತಿರ 80 ಡಿಗ್ರಿಗೆ ಬಂದರೆ ಚೆನ್ನ. 70ಕ್ಕೂ ಮೊದಲೇ ಬಿಗಿದು ನಿಂತರೆ ಈ ಸ್ನಾಯು ಕೂತಾಗ ಸೊಂಟದ ಮೂಳೆಯನ್ನು ಹಿಂದಕ್ಕೆ ಜಗ್ಗುತ್ತದೆ. ಆಗ ನೀವು ಎಷ್ಟೇ ನೆಟ್ಟಗೆ ಕೂರಲು ನೋಡಿದರೂ ಕೆಳಬೆನ್ನು ದುಂಡಗಾಗುತ್ತದೆ.

ಮೂರನೆಯದೇ ಮುಖ್ಯ. ಪೊರಕೆಯ ಕೋಲನ್ನು ಬೆನ್ನಿನುದ್ದಕ್ಕೂ ಹಿಡಿದುಕೊಳ್ಳಿ. ತಲೆಯ ಹಿಂಭಾಗ, ಹೆಗಲ ಎಲುಬುಗಳ ನಡುವೆ, ಬಾಲಮೂಳೆ, ಈ ಮೂರು ಕಡೆ ಅದು ತಾಗಿರಲಿ. ಮಂಡಿಯನ್ನು ತುಸು ಸಡಿಲಿಸಿ ಮುಂದಕ್ಕೆ ಬಾಗಿ. ಮೂರೂ ಕಡೆ ತಾಗಿಕೊಂಡೇ 45 ಡಿಗ್ರಿ ಬಾಗಲು ಬಂದರೆ ನೀವು ಬಾಗುತ್ತಿರುವುದು ತೊಡೆಸಂಧಿಯಿಂದ. ಕೋಲು ಬಾಲಮೂಳೆಯನ್ನು ಬಿಟ್ಟರೆ ಬಾಗುತ್ತಿರುವುದು ಬೆನ್ನು. ಗದ್ದೆಯಲ್ಲಿ ಪಳಗಿದ ನಾಟಿಯವರು ಗಂಟೆಗಟ್ಟಲೆ ಬಾಗಿರುವಾಗ ಅವರ ಬೆನ್ನು ಹಲಗೆಯ ಹಾಗೆ ಚಪ್ಪಟೆಯಾಗಿರುವುದನ್ನು ನೋಡಿರುತ್ತೀರಿ. ಅದೇ ಬಾಗು ಇಲ್ಲಿಯೂ ಬೇಕು. ಇದು ಬರುವವರೆಗೆ ಯಂತ್ರದಲ್ಲಿ ಜೋರು ಹಾಕಬೇಡಿ. ದಿನಕ್ಕೆ ಎರಡು ಸಲ, ಹತ್ತು ಹತ್ತರಂತೆ ಕೋಲು ಹಿಡಿದು ಬಾಗಿದರೆ ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಕೂಡಿಬರುತ್ತದೆ.

ಪಾದದ ಎತ್ತರ, ಗಾಳಿಯ ಹಿಡಿತ

ಎರ್ಗ್‌ನಲ್ಲಿ ಪಾದದ ಪಟ್ಟಿ ಕಿರುಬೆರಳಿನ ಬುಡದ ಗೆಣ್ಣಿನ ಮೇಲೆ ಹಾಯಬೇಕು. ಪಾದವನ್ನು ಎತ್ತರದಲ್ಲಿಟ್ಟರೆ ಒದೆತ ಹೆಚ್ಚು ನೇರವಾಗುತ್ತದೆ ನಿಜ, ಆದರೆ ತೊಡೆ ಹೊಟ್ಟೆಗೆ ಬೇಗ ತಾಗಿ ಸೊಂಟ ಹಿಂದಕ್ಕೆ ಮಗುಚುತ್ತದೆ. ಎರಡನೆಯ ಪರೀಕ್ಷೆಯಲ್ಲಿ ಬಿಗಿತ ಕಂಡವರು ಪಾದವನ್ನು ಒಂದೆರಡು ತೂತು ಕೆಳಗಿಳಿಸಿ. ಬೆನ್ನುನೋವೆಂದು ದೂರುವ ಎಷ್ಟೋ ಮಂದಿಗೆ ಮೊದಲು ಮಾಡಬೇಕಾದ ತಿದ್ದುಪಡಿ ಇಷ್ಟೇ ಆಗಿರುತ್ತದೆ.

ಇನ್ನು ಡ್ಯಾಂಪರ್. ಕಾನ್ಸೆಪ್ಟ್ 2 ಕಂಪನಿಯ ಎರ್ಗ್‌ನ ಗಾಳಿಚಕ್ರದ ಪಕ್ಕದಲ್ಲಿ 1ರಿಂದ 10ರವರೆಗೆ ಸರಿಯುವ ಹಿಡಿಕೆ ಇದೆ. 10ಕ್ಕೆ ಇಟ್ಟರೆ ವ್ಯಾಯಾಮ ಜಾಸ್ತಿ ಎಂಬ ನಂಬಿಕೆ ಜಿಮ್‌ಗಳಲ್ಲಿ ಬೇರುಬಿಟ್ಟಿದೆ. ಡ್ಯಾಂಪರ್ ಸೈಕಲ್ಲಿನ ಗೇರ್ ಇದ್ದಂತೆ, ಚಕ್ರ ಎಷ್ಟು ಬೇಗ ನಿಧಾನವಾಗಬೇಕು ಎಂಬುದನ್ನಷ್ಟೇ ಬದಲಿಸುತ್ತದೆ. 10ರಲ್ಲಿ ಚಕ್ರ ಬೇಗ ನಿಧಾನವಾಗುವುದರಿಂದ ಪ್ರತಿ ಸ್ಟ್ರೋಕ್‌ನ ಆರಂಭದಲ್ಲಿ ಭಾರ ಒಮ್ಮೆಲೇ ಬೆನ್ನಿಗೆ ಬೀಳುತ್ತದೆ. ನೋಡಬೇಕಾದದ್ದು ಡ್ಯಾಂಪರ್‌ನ ಅಂಕಿಯನ್ನಲ್ಲ, ಡ್ರ್ಯಾಗ್ ಫ್ಯಾಕ್ಟರ್ ಅನ್ನು, ಅಂದರೆ ಗಾಳಿ ಚಕ್ರವನ್ನು ಎಷ್ಟು ತಡೆಯುತ್ತಿದೆ ಎಂಬ ಅಳತೆಯನ್ನು. ಮಾನಿಟರ್‌ನ ಮೆನುವಿನಲ್ಲಿ ಅದನ್ನು ತೋರಿಸುವ ಆಯ್ಕೆ ಇರುತ್ತದೆ. ಅದನ್ನು ತೆರೆದು ಕೆಲವು ಸ್ಟ್ರೋಕ್ ಎಳೆದರೆ ಅಂಕಿ ಬರುತ್ತದೆ. ಹೊಸಬರಿಗೆ, ಕಿರಿಯರಿಗೆ 100ರಿಂದ 115, ಪಳಗಿದ ಮಹಿಳೆಯರಿಗೆ 110ರಿಂದ 120, ಪುರುಷರಿಗೆ 120ರಿಂದ 135ರ ಆಸುಪಾಸು ಸಾಕು.

ಬೆಂಗಳೂರಿನವರಿಗೆ ಒಂದು ಮಾತು. ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ಅಷ್ಟರಮಟ್ಟಿಗೆ ತೆಳು. ಮಂಗಳೂರಿನ ಯಂತ್ರದಲ್ಲಿ 4ಕ್ಕೆ ಸಿಗುವ ಡ್ರ್ಯಾಗ್ ಫ್ಯಾಕ್ಟರ್ ಇಲ್ಲಿ 4ಕ್ಕೆ ಸಿಗುವುದಿಲ್ಲ. ಚಕ್ರದ ಜಾಲರಿಯಲ್ಲಿ ಧೂಳು ತುಂಬಿದರೂ ಹೀಗೆಯೇ ಇಳಿಯುತ್ತದೆ. ಹಾಗಂತ ನಿಮ್ಮ ಸಮಯದ ಲೆಕ್ಕ ತಪ್ಪಾಗುವುದಿಲ್ಲ. ಪ್ರತಿ ಸ್ಟ್ರೋಕ್‌ನಲ್ಲೂ ಚಕ್ರ ಎಷ್ಟು ನಿಧಾನವಾಯಿತೆಂದು ಮಾನಿಟರ್ ಅಳೆದು ಶಕ್ತಿಯ ಲೆಕ್ಕ ಹಾಕುತ್ತದೆ.

ಒಂದು ಸ್ಟ್ರೋಕ್‌ನ ಒಳಗೆ

ಕ್ಯಾಚ್ ಎಂದರೆ ಹುಟ್ಟಿನ ತುದಿಯ ಅಗಲದ ಬ್ಲೇಡ್ ನೀರು ಹಿಡಿಯುವ ಗಳಿಗೆ. ಕಣಕಾಲು ಲಂಬ, ತೋಳು ಉದ್ದಕ್ಕೆ ಚಾಚಿದೆ, ಮುಂಡ ತೊಡೆಸಂಧಿಯಿಂದ 25-30 ಡಿಗ್ರಿ ಮುಂದಕ್ಕೆ ವಾಲಿದೆ. ಕೂರುವ ಎಲುಬುಗಳ ಮುಂಭಾಗದ ಮೇಲೆ ಭಾರ ಬಿದ್ದಿರಬೇಕು. ಹಿಂಭಾಗದ ಮೇಲೆ ಕೂತಿದ್ದೀರಿ ಅನಿಸಿದರೆ ಸೊಂಟ ಆಗಲೇ ಮಗುಚಿದೆ. ಹಿಮ್ಮಡಿ ಒಂದಿಷ್ಟು ಎದ್ದರೆ ಚಿಂತೆಯಿಲ್ಲ. ಇನ್ನೂ ಎರಡು ಇಂಚು ಉದ್ದ ಸಿಗಲೆಂದು ಹೆಗಲನ್ನು ಮುಂದಕ್ಕೆ ದೂಡುವುದು ಬೇಡ. ಆ ಉದ್ದ ಬೆನ್ನಿನ ಲೆಕ್ಕದಿಂದ ಬಂದದ್ದು.

ಡ್ರೈವ್, ಅಂದರೆ ಹಿಡಿಯನ್ನು ಎಳೆಯುವ ಭಾಗ, ಶುರುವಾಗುವುದು ಒದೆತದಿಂದ. ಮೊದಲ ಅರ್ಧದಲ್ಲಿ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಮಂಡಿಯನ್ನು ಬಿಡಿಸುತ್ತದೆ, ಪಿರ್ರೆಯ ಗ್ಲೂಟಿಯಸ್ ತೊಡೆಸಂಧಿಯನ್ನು ಬಿಡಿಸಲು ತೊಡಗುತ್ತದೆ. ಬೆನ್ನಿನ ಸ್ನಾಯುಗಳು ಈ ಹೊತ್ತಿನಲ್ಲಿ ಚಲಿಸುವುದಿಲ್ಲ, ಬಿಗಿಯಾಗಿ ಹಿಡಿದು ನಿಲ್ಲುತ್ತವೆ ಅಷ್ಟೆ. ಮುಂಡದ ವಾಲು ಮೊದಲ ಕ್ಷಣಗಳಲ್ಲಿ ಹಾಗೇ ಉಳಿಯಬೇಕು. ಸೀಟು ಹತ್ತು ಸೆಂಟಿಮೀಟರ್ ಹಿಂದೆ ಹೋದರೆ ಹಿಡಿಯೂ ಹತ್ತು ಸೆಂಟಿಮೀಟರ್ ಹಿಂದೆ ಬರಬೇಕು. ಕಾಲು ಮುಕ್ಕಾಲು ಚಾಚಿದಾಗ ಮುಂಡ ತೊಡೆಸಂಧಿಯಿಂದ ಹಿಂದಕ್ಕೆ ತೆರೆದುಕೊಳ್ಳುತ್ತದೆ. ಹಿಡಿ ಮಂಡಿಯನ್ನು ದಾಟಿದ ಮೇಲೆ ತೋಳು ಮಡಚಿ ಕೆಳ ಪಕ್ಕೆಲುಬಿನ ಹತ್ತಿರ ಬರುತ್ತದೆ. ಬೆನ್ನಿನ ಅಗಲದ ಲ್ಯಾಟ್ ಸ್ನಾಯು ಕೊನೆಯಲ್ಲಿ ಎಳೆಯುವುದಷ್ಟೇ ಅಲ್ಲ, ಮೊದಲಿನಿಂದಲೂ ಹೆಗಲನ್ನು ಮುಂಡಕ್ಕೆ ಕಟ್ಟಿಹಾಕಿರುತ್ತದೆ.

ಈ ಅನುಕ್ರಮಕ್ಕೆ ಸ್ನಾಯುವಿನ ಸ್ವಭಾವವೇ ಕಾರಣ. ಯಾವುದೇ ಸ್ನಾಯು ನಿಧಾನವಾಗಿ ಕುಗ್ಗುವಾಗ ಹೆಚ್ಚು ಬಲ ಕೊಡುತ್ತದೆ, ವೇಗವಾಗಿ ಕುಗ್ಗುವಾಗ ಕಡಿಮೆ. ಸ್ಟ್ರೋಕ್‌ನ ಆರಂಭದಲ್ಲಿ ಹಿಡಿ ನಿಂತಿದೆ, ಭಾರ ಹೆಚ್ಚು. ಅಲ್ಲಿಗೆ ದೊಡ್ಡ ಸ್ನಾಯುಗಳೇ ಬೇಕು. ಕೊನೆಯಲ್ಲಿ ಹಿಡಿ ವೇಗವಾಗಿ ಬರುತ್ತಿದೆ, ಅದನ್ನು ಹಿಂಬಾಲಿಸಿ ಹಿಡಿಯಬಲ್ಲದ್ದು ಹಗುರವಾದ ತೋಳು. ತೋಳನ್ನು ಮೊದಲೇ ಮಡಚಿದರೆ ಕ್ವಾಡ್ರಿಸೆಪ್ಸ್‌ನ ಬಲವನ್ನೆಲ್ಲ ಮೊಣಕೈ ತಡೆದು ನಿಲ್ಲಬೇಕು. ಅದು ನಿಲ್ಲಲಾರದು, 500 ಮೀಟರ್ ಆಗುವಷ್ಟರಲ್ಲಿ ಮುಂಗೈ ಕಲ್ಲಾಗುತ್ತದೆ.

ಹ್ಯಾಮ್‌ಸ್ಟ್ರಿಂಗ್ ಮಂಡಿ, ತೊಡೆಸಂಧಿ ಎರಡನ್ನೂ ದಾಟುವ ಸ್ನಾಯು. ಎರಡೂ ಕೀಲು ಜೊತೆಯಲ್ಲಿ ತೆರೆದುಕೊಳ್ಳುವಾಗ ಅದರ ಉದ್ದ ಅಷ್ಟಾಗಿ ಬದಲಾಗುವುದಿಲ್ಲ. ಬಿಗಿದ ಹಗ್ಗದ ಹಾಗೆ ನಿಂತು ಮಂಡಿಯ ಒದೆತವನ್ನು ಸೊಂಟಕ್ಕೆ ದಾಟಿಸುತ್ತದೆ. ಸ್ಕ್ವಾಟ್ ಒಂದನ್ನೇ ಮಾಡಿ ಹ್ಯಾಮ್‌ಸ್ಟ್ರಿಂಗ್ ಮರೆತವರ ಕಾಲು ಬೇಗ ಚಾಚಿಕೊಳ್ಳುವುದು, ಮುಂಡ ಹಿಂದೆ ಉಳಿಯುವುದು ಇದರಿಂದಲೇ.

ರಿಕವರಿ, ಅಂದರೆ ಮುಂದಕ್ಕೆ ಮರಳುವ ಹಾದಿ, ತಿರುಗಾಮುರುಗಾ: ಮೊದಲು ತೋಳು ಚಾಚಿ, ಆಮೇಲೆ ಮುಂಡ ವಾಲಿ, ಕೊನೆಗೆ ಮಂಡಿ ಮಡಚುವುದು. ಮುಂಡದ ವಾಲು ಮಂಡಿ ಏಳುವ ಮೊದಲೇ ಮುಗಿದಿರಬೇಕು. ಇಲ್ಲವಾದರೆ ಕೊನೆಯ ಕ್ಷಣದಲ್ಲಿ ತೊಡೆ ಅಡ್ಡ ಬಂದು ಬೆನ್ನೇ ಬಾಗಬೇಕಾಗುತ್ತದೆ. ನಿಮಿಷಕ್ಕೆ 20 ಸ್ಟ್ರೋಕ್‌ನಲ್ಲಿ ಡ್ರೈವ್ ಒಂದು ಎಣಿಕೆಯಾದರೆ ರಿಕವರಿ ಎರಡು ಎಣಿಕೆ.

ನೀರಿನಲ್ಲಿ ರಿಕವರಿಗೆ ಇನ್ನೂ ಬೆಲೆಯಿದೆ. ಒಬ್ಬರೇ ಕೂರುವ ಸಿಂಗಲ್ ಸ್ಕಲ್ ದೋಣಿಯ ಕನಿಷ್ಠ ತೂಕ 14 ಕಿಲೋ. ಅದರಲ್ಲಿ ಕೂತವರು 85 ಕಿಲೋ ಇದ್ದಾರೆಂದರೆ ದೋಣಿಗಿಂತ ಆರು ಪಟ್ಟು ಭಾರ ಅದರ ಮೇಲೆಯೇ ಹಿಂದೆ ಮುಂದೆ ಓಡಾಡುತ್ತಿದೆ. ಅವರು ದಡಬಡನೆ ಜಾರಿ ಬಂದು ಸ್ಟ್ರೆಚರ್‌ಗೆ ಗುದ್ದಿದರೆ ದೋಣಿ ಬಿಕ್ಕಳಿಸಿದ ಹಾಗೆ ನಿಲ್ಲುತ್ತದೆ. ನೀರಿನ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ, ಅದನ್ನು ಗೆಲ್ಲಲು ಬೇಕಾದ ಶಕ್ತಿ ಘನಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದ ವೇಗ ಏರಿಳಿಯುತ್ತ ಸಾಗುವ ದೋಣಿಗೆ ಒಂದೇ ವೇಗದ ದೋಣಿಗಿಂತ ಹೆಚ್ಚು ಶಕ್ತಿ ಖರ್ಚು. ನೆಲಕ್ಕೆ ಊರಿದ ಎರ್ಗ್ ಈ ತಪ್ಪನ್ನು ಮುಚ್ಚಿಡುತ್ತದೆ. ಅಲ್ಲಿ ಯಂತ್ರ ಕದಲುವುದಿಲ್ಲ, ನಿಮ್ಮ ಪೂರ್ತಿ ತೂಕವನ್ನು ನಿಲ್ಲಿಸಿ ತಿರುಗಿಸುವ ಕೆಲಸ ಮಂಡಿಗೂ ಸೊಂಟಕ್ಕೂ ಬೀಳುತ್ತದೆ. ದೋಣಿಯಲ್ಲಿ ನೋಯದ ಬೆನ್ನು ಎರ್ಗ್‌ನಲ್ಲಿ ನೋಯಲು ಇದೊಂದು ಕಾರಣ.

ಬಲದ ಗೆರೆ ಓದುವುದು

ಮಾನಿಟರ್‌ನಲ್ಲಿ ಫೋರ್ಸ್ ಕರ್ವ್ ಎಂಬ ಪರದೆಯಿದೆ. ಹೆಚ್ಚಿನವರು ಅದನ್ನು ತೆರೆಯುವುದೇ ಇಲ್ಲ, ಆದರೆ ಪಕ್ಕದಲ್ಲಿ ಕೋಚ್ ಇಲ್ಲದವರಿಗೆ ಅದಕ್ಕಿಂತ ಒಳ್ಳೆಯ ಗುರು ಇಲ್ಲ. ಪ್ರತಿ ಎಳೆತದ ಬಲ ಅಲ್ಲಿ ಒಂದು ಗುಡ್ಡದ ಹಾಗೆ ಮೂಡುತ್ತದೆ. ಸ್ಟ್ರೋಕ್ ರೇಟ್, ಅಂದರೆ ನಿಮಿಷಕ್ಕೆ ಎಳೆಯುವ ಸ್ಟ್ರೋಕ್‌ಗಳ ಸಂಖ್ಯೆ, 18ಕ್ಕೆ ಇಟ್ಟು, ಹತ್ತು ನಿಮಿಷ, ಗುಡ್ಡದ ಆಕಾರವನ್ನೇ ನೋಡುತ್ತ ಎಳೆಯಿರಿ. ಸಮಯವನ್ನು ಮರೆಯಿರಿ.

ಬೇಕಾದದ್ದು ಒಂದೇ ಗುಡ್ಡ. ಎಡಗಡೆಯಿಂದ ಸರ್ರನೆ ಏರಿ, ನಡುವಿಗಿಂತ ಸ್ವಲ್ಪ ಮೊದಲೇ ಶಿಖರ ಮುಟ್ಟಿ, ಬಲಗಡೆಗೆ ನುಣುಪಾಗಿ ಇಳಿಯಬೇಕು.

ಎರಡು ಗುಡ್ಡ, ನಡುವೆ ಕಣಿವೆ ಕಂಡರೆ ಕಾಲು ಮುಗಿದು ಆಮೇಲೆ ಬೆನ್ನು ಶುರುವಾಗುತ್ತಿದೆ, ನಡುವೆ ಯಾರೂ ಕೆಲಸ ಮಾಡುತ್ತಿಲ್ಲ ಎಂದರ್ಥ. ಕಾಲು ಪೂರ್ತಿ ಚಾಚುವ ಮೊದಲೇ ಮುಂಡ ತೆರೆಯಲು ತೊಡಗಿ. ಏರು ಮಂದವಾಗಿ, ಶಿಖರ ಬಲಕ್ಕೆ ಸರಿದಿದ್ದರೆ ಸೀಟು ಮುಂಚೆ ಓಡುತ್ತಿದೆ, ಹಿಡಿ ಅಲ್ಲೇ ಇದೆ. ಬೆನ್ನು ಹೊರೆ ಹಿಡಿಯದೆ ಮಡಚಿಕೊಳ್ಳುತ್ತಿದೆ. ಇದು ಬೆನ್ನಿಗೆ ಎಲ್ಲಕ್ಕಿಂತ ಕೆಟ್ಟ ತಪ್ಪು. ಆರಂಭದಲ್ಲೇ ಮೊನಚಾದ ಮುಳ್ಳಿನಂತೆ ಎದ್ದು ಕುಸಿದರೆ ಹೆಗಲಿನಿಂದ ಜಗ್ಗಿದ್ದೀರಿ. ಬಾಲದ ಬಳಿ ಸಣ್ಣ ಗುಬ್ಬಿ ಎದ್ದಿದ್ದರೆ ಕೊನೆಯಲ್ಲಿ ತೋಳಿನಿಂದ ಕಿತ್ತಿದ್ದೀರಿ.

ತಿದ್ದಲು ಒಂದು ಅಭ್ಯಾಸ. ಕ್ಯಾಚ್ ಸ್ಥಿತಿಯಿಂದ ಬರೀ ಕಾಲಿನಿಂದ ಒದೆಯುವುದು, ಮುಂಡ ತೆರೆಯದೆ, ತೋಳು ಮಡಚದೆ, ಹತ್ತು ಸ್ಟ್ರೋಕ್. ಆಮೇಲೆ ಕಾಲು ಮತ್ತು ಮುಂಡ, ಹತ್ತು. ಆಮೇಲೆ ಪೂರ್ತಿ, ಇಪ್ಪತ್ತು. ಇದನ್ನು ನಾಲ್ಕು ಸುತ್ತು ಮಾಡಿ. ಬರೀ ಕಾಲಿನ ಹತ್ತರಲ್ಲಿ ಬೆರಳುಗಳು ಕೊಕ್ಕೆಯಂತೆ ಹಿಡಿಗೆ ತೂಗಿಬಿದ್ದಿರಬೇಕು, ಬಾವಿಯಿಂದ ತುಂಬಿದ ಕೊಡ ಸೇದುವಾಗ ಹಗ್ಗಕ್ಕೆ ಮೈಭಾರ ಬಿಟ್ಟ ಹಾಗೆ. ಹಿಡಿಯನ್ನು ಮುಷ್ಟಿಯಲ್ಲಿ ಹಿಸುಕಬೇಡಿ.

ಇಲ್ಲೇ ಒಂದು ಲೆಕ್ಕ. ಎರ್ಗ್‌ನಲ್ಲಿ 500 ಮೀಟರಿಗೆ 2 ನಿಮಿಷದ ಸ್ಪ್ಲಿಟ್ ಎಂದರೆ ಸುಮಾರು 202 ವ್ಯಾಟ್. ಅದನ್ನು ನಿಮಿಷಕ್ಕೆ 30 ಸ್ಟ್ರೋಕ್‌ನಲ್ಲಿ ಸಾಧಿಸಿದರೆ ಪ್ರತಿ ಸ್ಟ್ರೋಕ್‌ಗೆ 405 ಜೂಲ್ ಕೆಲಸ. 20ರಲ್ಲಿ ಸಾಧಿಸಿದರೆ 607 ಜೂಲ್. ಹಿಡಿ ಸಾಗುವ ದೂರ 1.4 ಮೀಟರ್ ಎಂದುಕೊಂಡರೆ ಸರಾಸರಿ ಎಳೆತ ಮೊದಲನೆಯದರಲ್ಲಿ ಸುಮಾರು 29 ಕಿಲೋ ಭಾರದಷ್ಟು, ಎರಡನೆಯದರಲ್ಲಿ 44 ಕಿಲೋ ಭಾರದಷ್ಟು. ಶಿಖರದ ಬಲ ಇದಕ್ಕಿಂತಲೂ ಬಹಳ ಹೆಚ್ಚು. ಜೋರಾದ ಸ್ಟ್ರೋಕ್‌ನಲ್ಲಿ ಕೆಳಬೆನ್ನಿನ ಮೇಲಿನ ಒತ್ತಡ ಮೈತೂಕದ ನಾಲ್ಕು ಪಟ್ಟನ್ನೂ ಮೀರುತ್ತದೆ. ‘ರೇಟ್ ಕಡಿಮೆ, ಹಾಗಾಗಿ ಹಗುರ’ ಎಂದುಕೊಂಡು ಕಡಿಮೆ ರೇಟ್‌ನಲ್ಲಿ ವೇಗದ ಸ್ಪ್ಲಿಟ್ ಬೆನ್ನಟ್ಟುವವರು ಬೆನ್ನನ್ನು ಒಡ್ಡುತ್ತಿರುತ್ತಾರೆ.

ಉಸಿರು

ಕ್ಯಾಚ್‌ನಲ್ಲಿ ತೊಡೆ ಹೊಟ್ಟೆಗೆ ಒತ್ತಿರುತ್ತದೆ, ವಪೆಗೆ ಕೆಳಗಿಳಿಯಲು ಜಾಗವಿಲ್ಲ. ಆದ್ದರಿಂದ ಪೂರ್ತಿ ಉಸಿರು ತುಂಬಿಕೊಂಡು ಕ್ಯಾಚ್‌ಗೆ ಬರಬೇಡಿ, ಅರೆ ತುಂಬಿದ ಎದೆ ಸಾಕು. ನಿಧಾನದ ಅಭ್ಯಾಸದಲ್ಲಿ ಡ್ರೈವ್‌ನಲ್ಲಿ ಬಿಡುವುದು, ರಿಕವರಿಯಲ್ಲಿ ಎಳೆದುಕೊಳ್ಳುವುದು. ರೇಟ್ 28 ದಾಟಿದ ಮೇಲೆ ಒಂದು ಸ್ಟ್ರೋಕ್‌ಗೆ ಎರಡು ಉಸಿರು ಬೇಕಾಗುತ್ತದೆ: ಡ್ರೈವ್‌ನ ಕೊನೆಗೆ ಒಂದು ಬಿಡುವುದು, ರಿಕವರಿಯ ನಡುವೆ ಇನ್ನೊಂದು ಚುಟುಕಾಗಿ ಬಿಡುವುದು. ಇದನ್ನು ರೇಸಿನ ದಿನ ಕಲಿಯಲಾಗದು. ವಾರಕ್ಕೊಮ್ಮೆ ಒಂದೊಂದು ನಿಮಿಷದ ತುಣುಕುಗಳಲ್ಲಿ ರೂಢಿಸಿಕೊಳ್ಳಿ. ಅಗ್ರಮಟ್ಟದ ಪುರುಷ ಸ್ಪರ್ಧಿಗಳು ರೇಸಿನಲ್ಲಿ ನಿಮಿಷಕ್ಕೆ 200 ಲೀಟರಿಗೂ ಹೆಚ್ಚು ಗಾಳಿ ಸೇದುತ್ತಾರೆ, 6 ಲೀಟರಿಗೂ ಹೆಚ್ಚು ಆಮ್ಲಜನಕ ಬಳಸುತ್ತಾರೆ. ಮೈಯ ಹೆಚ್ಚುಕಡಿಮೆ ಎಲ್ಲ ದೊಡ್ಡ ಸ್ನಾಯುಗಳೂ ಒಟ್ಟಿಗೆ ಕೇಳುವ ಆಟವಿದು.

ಎಂಜಿನ್ ಮತ್ತು ಅದರ ಇಂಧನ

2000 ಮೀಟರ್ ರೇಸು ದೋಣಿಯ ವರ್ಗಕ್ಕೆ ತಕ್ಕಂತೆ ಐದೂವರೆಯಿಂದ ಎಂಟು ನಿಮಿಷದ ಕೆಲಸ, 220-240 ಸ್ಟ್ರೋಕ್. ಇದರ ಶಕ್ತಿಯಲ್ಲಿ 70ರಿಂದ 80 ಶೇಕಡಾ ಆಮ್ಲಜನಕ ಬಳಸಿಯೇ ಬರುವುದು. ಅನುಭವಿ ರೋವರ್‌ಗಳ ತೊಡೆಯ ಸ್ನಾಯುವಿನಲ್ಲಿ ನಿಧಾನದ ನಾರುಗಳು, ಅಂದರೆ ನಿಧಾನವಾಗಿ ಕುಗ್ಗಿ ಬೇಗ ದಣಿಯದ ನಾರುಗಳು, 70 ಶೇಕಡಾ ಅಥವಾ ಹೆಚ್ಚು ಇರುತ್ತವೆ. ಮ್ಯಾರಥಾನ್ ಓಟಗಾರರ ಹಾಗೆ ಅವು ಸಪೂರವಾಗಿರುವುದಿಲ್ಲ, ದಪ್ಪವಾಗಿರುತ್ತವೆ. ರೋಯಿಂಗ್‌ನಲ್ಲಿ ಸ್ನಾಯು ನಿಧಾನವಾಗಿ, ಆದರೆ ಭಾರದ ವಿರುದ್ಧ ಕುಗ್ಗುತ್ತದೆ. ಆ ವೇಗಕ್ಕೆ ನಿಧಾನದ ನಾರು ಸಾಕಾಗುತ್ತದೆ, ಭಾರ ಅದನ್ನು ಬೆಳೆಸುತ್ತದೆ.

ಈ ಎಂಜಿನ್ ನೀರಿನ ಮೇಲೆಯೇ ಹುಟ್ಟಬೇಕೆಂದಿಲ್ಲ. ನಾಸಿಕ್ ಜಿಲ್ಲೆಯ ಬರದ ಹಳ್ಳಿಯ ದತ್ತು ಭೋಕನಾಳ್ ಬಾವಿ ತೋಡುವ ಕೂಲಿ ಮಾಡಿದವರು. 2012ರಲ್ಲಿ ಸೈನ್ಯ ಸೇರಿದ ಮೇಲೆ ಹುಟ್ಟು ಹಿಡಿದು, 2016ರ ರಿಯೋ ಒಲಿಂಪಿಕ್ಸ್‌ನ ಸಿಂಗಲ್ ಸ್ಕಲ್‌ನಲ್ಲಿ 13ನೆಯವರಾದರು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ನಾಲ್ವರ ತಂಡದಲ್ಲಿ ಚಿನ್ನ ಗೆದ್ದರು. 2010ರಲ್ಲಿ ಗುವಾಂಗ್‌ಝೌನಲ್ಲಿ ಭಾರತಕ್ಕೆ ಈ ಆಟದ ಮೊದಲ ಏಷ್ಯನ್ ಗೇಮ್ಸ್ ಚಿನ್ನ ತಂದ ಬಜರಂಗ್ ಲಾಲ್ ತಾಖರ್ ಕೂಡ ನೀರು ಕಡಿಮೆಯಿರುವ ನಾಡಿನವರೇ, ರಾಜಸ್ಥಾನದವರು.

ರೇಸಿನ ಮೊದಲ ಹತ್ತು ಸೆಕೆಂಡಿಗೆ ಸ್ನಾಯುವಿನಲ್ಲಿ ಸಿದ್ಧವಿರುವ ಕ್ರಿಯಾಟಿನ್ ಫಾಸ್ಫೇಟ್ ಇದೆ. ಆಮ್ಲಜನಕದ ವ್ಯವಸ್ಥೆ ಪೂರ್ತಿ ಏರಲು ಒಂದರಿಂದ ಎರಡು ನಿಮಿಷ ಬೇಕು. ನಡುವಿನ ಸಾಲವನ್ನು ಸ್ನಾಯುವಿನಲ್ಲಿ ಕೂಡಿಟ್ಟ ಪಿಷ್ಟವಾದ ಗ್ಲೈಕೋಜನ್ ಆಮ್ಲಜನಕವಿಲ್ಲದೆ ಒಡೆದು ತೀರಿಸುತ್ತದೆ. ಅದರ ಜೊತೆಗೆ ಸ್ನಾಯುವಿನಲ್ಲಿ ಆಮ್ಲತೆಯೂ ಫಾಸ್ಫೇಟೂ ಸೇರಿಕೊಂಡು ಕುಗ್ಗುವ ಶಕ್ತಿಯನ್ನು ಕುಂದಿಸುತ್ತವೆ. ಮೊದಲ 500ರಲ್ಲಿ ಹುಚ್ಚು ವೇಗ ಹಿಡಿದವರು ಮೂರನೆಯ 500ರಲ್ಲಿ ನೆಲ ಕಚ್ಚುವುದು ಹೀಗೆ.

ಅಂಕಿಯಲ್ಲಿ ನೋಡಿ. 8 ನಿಮಿಷದ ಗುರಿಗೆ ಸರಾಸರಿ 2:00, ಅಂದರೆ 202 ವ್ಯಾಟ್. ಉತ್ಸಾಹದಲ್ಲಿ ಮೊದಲ 500 ಮೀಟರನ್ನು 1:52ರಲ್ಲಿ ಎಳೆದರೆ ಅದು 249 ವ್ಯಾಟ್. ಎಂಟು ಸೆಕೆಂಡು ಉಳಿಸಲು ಪ್ರತಿ ಸೆಕೆಂಡಿಗೂ 23 ಶೇಕಡಾ ಹೆಚ್ಚು ಶಕ್ತಿ ಸುಟ್ಟಿರಿ. ಬದಲಿಗೆ 1:59, 2:01, 2:02, 1:58 ಎಂದು ಹಂಚಿಕೊಳ್ಳಿ, ಒಟ್ಟು ಸರಿಯಾಗಿ 8:00. ಆರಂಭದ ಎಂಟು ಹತ್ತು ಸ್ಟ್ರೋಕ್ ಜೋರಾಗಿರಲಿ, ಕ್ರಿಯಾಟಿನ್ ಫಾಸ್ಫೇಟ್ ಹೇಗೂ ಇದೆ. ಹನ್ನೊಂದನೆಯ ಸ್ಟ್ರೋಕ್‌ಗೆ ರೇಸಿನ ವೇಗಕ್ಕೆ ಇಳಿಯುವ ಶಿಸ್ತು ಬೇಕು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ದೂರ 1500 ಮೀಟರ್ ಆಗಲಿದೆ. ಅಲ್ಲಿ ಆಮ್ಲಜನಕವಿಲ್ಲದ ಪಾಲು ಒಂದಿಷ್ಟು ಏರುತ್ತದೆ, ಆದರೂ ಎಂಜಿನ್ ಇದೇ.

ರೇಸಿಗೆ ಮೊದಲು ಮೈ ಬಿಸಿ ಮಾಡುವುದು ಆ ಸಾಲವನ್ನು ಚಿಕ್ಕದು ಮಾಡಲು. ಹತ್ತು ನಿಮಿಷ ರೇಟ್ 18-20ರಲ್ಲಿ ಹಗುರ, ಆಮೇಲೆ ರೇಸಿನ ವೇಗದಲ್ಲಿ ಒಂದೊಂದು ನಿಮಿಷದ ಎರಡು ತುಣುಕು, ನಡುವೆ ಎರಡು ನಿಮಿಷ ಸಡಿಲ. ಆರಂಭಕ್ಕೆ ಎಂಟು ಹತ್ತು ನಿಮಿಷ ಇರುವಾಗ ನಿಲ್ಲಿಸಿ.

ವಾರದ ಲೆಕ್ಕ

ವಾರಕ್ಕೆ ಆರು ಅವಧಿ ಕೊಡಬಲ್ಲ ಕ್ಲಬ್ ಮಟ್ಟದವರಿಗೆ ಈ ಹಂಚಿಕೆ ನಿಲ್ಲುತ್ತದೆ. ಮೂರು ಅವಧಿ ನಿಧಾನದ್ದು: ರೇಟ್ 18-20, ಹೃದಯಬಡಿತ ಗರಿಷ್ಠದ 65-75 ಶೇಕಡಾ, ಪೂರ್ತಿ ವಾಕ್ಯ ಮಾತಾಡಲು ಬರಬೇಕು. ಸ್ನಾಯುವಿನಲ್ಲಿ ಲೋಮನಾಳಗಳೂ ಮೈಟೊಕಾಂಡ್ರಿಯಾಗಳೂ ಹೆಚ್ಚುವುದು ಇಂಥ ಗಂಟೆಗಳಲ್ಲಿ. ಒಂದು ಅವಧಿ ಗಟ್ಟಿ: 500 ಮೀಟರ್ ಎಂಟು ಸಲ, ನಡುವೆ ಮೂರು ನಿಮಿಷ ಬಿಡುವು, ಇಲ್ಲವೇ ನಾಲ್ಕು ನಿಮಿಷ ಐದು ಸಲ. ಎರಡು ಅವಧಿ ಭಾರ ಎತ್ತುವುದು. ಎಳೆಯರು ಮಾಡುವ ತಪ್ಪು ಒಂದೇ: ನಿಧಾನದ್ದನ್ನು ನಡುಮಧ್ಯದ ವೇಗದಲ್ಲಿ ಮಾಡುತ್ತಾರೆ. ಆಗ ಗಟ್ಟಿ ಅವಧಿಗೆ ಕಾಲು ಉಳಿಯುವುದಿಲ್ಲ.

ಎರ್ಗ್‌ನಲ್ಲಿ ಒಂದು ಗಂಟೆ ಸತತವಾಗಿ ಕೂರಬೇಡಿ. 20 ನಿಮಿಷದ ಮೂರು ತುಣುಕು ಮಾಡಿ, ನಡುವೆ ಎರಡು ಮೂರು ನಿಮಿಷ ಎದ್ದು ನಿಂತು ಸೊಂಟವನ್ನು ಹಿಂದಕ್ಕೆ ಬಾಗಿಸಿ. ಅರ್ಧ ಗಂಟೆ ದಾಟಿದ ಮೇಲೆ ಬೆನ್ನಿನ ಸ್ನಾಯು ದಣಿದು, ಅದು ಹಿಡಿದ ಹೊರೆ ಡಿಸ್ಕ್ ಮತ್ತು ಅಸ್ಥಿಬಂಧಗಳ ಪಾಲಾಗುತ್ತದೆ. ಹಾಸಿಗೆಯಿಂದ ಎದ್ದ ಮೊದಲ ಗಂಟೆಯೂ ನಾಜೂಕು: ರಾತ್ರಿಯಿಡೀ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ, ಬಾಗಿದರೆ ಬೇಗ ಗಾಸಿಯಾಗುತ್ತವೆ. ಬೆಳಗ್ಗೆ ಐದೂವರೆಗೆ ನೀರಿಗಿಳಿಯುವವರು ನಾಲ್ಕೂವರೆಗೆ ಎದ್ದು, ಓಡಾಡಿ, ನಡೆದು ಬರುವುದು ಲೇಸು.

ಭಾರದಲ್ಲಿ ಸ್ಕ್ವಾಟ್, ಮಂಡಿ ತುಸು ಸಡಿಲಿಸಿ ಮಾಡುವ ರೊಮೇನಿಯನ್ ಡೆಡ್‌ಲಿಫ್ಟ್, ಬೆಂಚಿನ ಮೇಲೆ ಬೋರಲು ಮಲಗಿ ಬಾರ್ ಎಳೆಯುವ ಬೆಂಚ್ ಪುಲ್, ಈ ಮೂರು ಬುನಾದಿ. ಐದೈದರಂತೆ ನಾಲ್ಕು ಸುತ್ತು ಸಾಕು. ರೋಯಿಂಗ್‌ನಲ್ಲಿ ತಳ್ಳುವ ಕೆಲಸ ತೋಳಿಗಿಲ್ಲ, ಆದ್ದರಿಂದ ದಂಡ ಹೊಡೆಯುವುದನ್ನು ಬಿಡಬೇಡಿ. ಹೆಗಲ ಎಲುಬನ್ನು ಪಕ್ಕೆಗೆ ಅಂಟಿಸಿಡುವ ಸೆರೇಟಸ್ ಸ್ನಾಯುವಿಗೆ ಅದೇ ಮದ್ದು.

ಊಟದಲ್ಲಿ ಪಿಷ್ಟಕ್ಕೆ ಕತ್ತರಿ ಹಾಕಬೇಡಿ. ಮುದ್ದೆಯೋ ಅನ್ನವೋ, ಗಟ್ಟಿ ಅವಧಿಗೆ ಮೂರು ಗಂಟೆ ಮೊದಲು ಹೊಟ್ಟೆಗೆ ಬಿದ್ದಿರಲಿ. ಅಭ್ಯಾಸದ ಮೊದಲೂ ಆಮೇಲೂ ತೂಗಿ ನೋಡಿ, ಕಳೆದ ಪ್ರತಿ ಕಿಲೋಗೆ ಸುಮಾರು ಒಂದು ಲೀಟರ್ ನೀರು ಹೋಗಿದೆ. ಕರಾವಳಿಯ ಸೆಕೆಯಲ್ಲಿ ಈ ಅಂಕಿ ಬೆಚ್ಚಿಬೀಳಿಸುತ್ತದೆ. ಮೈತೂಕಕ್ಕೆ ಮಿತಿಯಿರುವ ಲೈಟ್‌ವೇಟ್ ವರ್ಗಕ್ಕೆ ತೂಕ ಇಳಿಸುವ ಹುಡುಗಿಯರ ಬಗ್ಗೆ ಕೋಚ್‌ಗಳು ಎಚ್ಚರ ವಹಿಸಬೇಕು. ಮುಟ್ಟು ತಪ್ಪಿದೆ ಎಂದರೆ ಮೈಗೆ ಊಟ ಸಾಲುತ್ತಿಲ್ಲ, ಮೂಳೆ ಸೊರಗುತ್ತಿದೆ ಎಂದು ತಿಳಿದು ವೈದ್ಯರ ಬಳಿ ಕರೆದೊಯ್ಯಿರಿ. ಲೈಟ್‌ವೇಟ್ ಸ್ಪರ್ಧೆ 2024ರ ಪ್ಯಾರಿಸ್‌ಗೆ ಒಲಿಂಪಿಕ್ಸ್‌ನಲ್ಲಿ ಕೊನೆಯಾಗಿದೆ. ಇನ್ನೂ ಆ ತೂಕದ ಹಿಂದೆ ಎಳೆಯರ ಮೂಳೆ ಸವೆಸುವುದು ತಪ್ಪು.

ನೋವು ಎಲ್ಲಿ, ಅದರ ಅರ್ಥ ಏನು

ಕೆಳಬೆನ್ನು ನಡುವೆ ಮಂದವಾಗಿ ನೋಯುತ್ತಿದ್ದರೆ ಎರಡು ದಿನ ಎರ್ಗ್ ಬಿಟ್ಟು ನಡೆಯಿರಿ, ಈಜಿರಿ, ಕೋಲಿನ ಅಭ್ಯಾಸಕ್ಕೆ ಮರಳಿ. ನೋವು ಪಿರ್ರೆ ದಾಟಿ ಕಾಲಿಗೆ ಇಳಿದರೆ, ಪಾದ ಜೋಮು ಹಿಡಿದರೆ ಕಾಯಬೇಡಿ, ವೈದ್ಯರನ್ನು ಕಾಣಿ. ಮೂತ್ರ, ಮಲದ ಹತೋಟಿ ತಪ್ಪಿದರೆ ಅದೇ ಗಳಿಗೆ ಆಸ್ಪತ್ರೆಗೆ.

ಮುಂಗೈಯ ಮೇಲ್ಭಾಗದಲ್ಲಿ, ಮಣಿಕಟ್ಟಿನಿಂದ ನಾಲ್ಕೈದು ಸೆಂಟಿಮೀಟರ್ ಮೇಲೆ ಊತ, ಕೈ ಆಡಿಸಿದರೆ ಕಿರುಗುಟ್ಟಿದ ಅನುಭವ ಇದ್ದರೆ ಅಲ್ಲಿ ಎರಡು ಜೊತೆ ಸ್ನಾಯುರಜ್ಜುಗಳು ಒಂದನ್ನೊಂದು ಉಜ್ಜುತ್ತಿವೆ. ಹಿಡಿ ಬಿಗಿಯಾಗಿ ಹಿಡಿಯುವುದು, ಬ್ಲೇಡ್ ಮಗುಚುವಾಗ ಬೆರಳಿನ ಬದಲು ಮಣಿಕಟ್ಟನ್ನು ಪೂರ್ತಿ ತಿರುಚುವುದು ಇದಕ್ಕೆ ಕಾರಣ. ಮಂಜುಗಡ್ಡೆ, ವಿಶ್ರಾಂತಿ, ಹಿಡಿತದ ತಿದ್ದುಪಡಿ.

ಎಲ್ಲಕ್ಕಿಂತ ಮೋಸ ಮಾಡುವುದು ಪಕ್ಕೆಲುಬಿನ ಒತ್ತಡದ ಬಿರುಕು. ಐದರಿಂದ ಒಂಬತ್ತನೆಯ ಪಕ್ಕೆಲುಬುಗಳಲ್ಲಿ, ತೀವ್ರ ಅಭ್ಯಾಸದ ತಿಂಗಳುಗಳಲ್ಲಿ ಕಾಣಿಸುತ್ತದೆ. ಮೊದಲು ಬೆನ್ನಿನ ಪಕ್ಕದಲ್ಲಿ ಸ್ನಾಯು ಹಿಡಿದ ಹಾಗೆ ಅನಿಸುತ್ತದೆ. ಆಮೇಲೆ ಆಳವಾಗಿ ಉಸಿರೆಳೆದರೆ, ಕೆಮ್ಮಿದರೆ, ರಾತ್ರಿ ಮಗ್ಗುಲು ಬದಲಿಸಿದರೆ ಒಂದೇ ಜಾಗದಲ್ಲಿ ಚುಚ್ಚುತ್ತದೆ. ಬೆರಳಿನಿಂದ ಆ ಜಾಗ ಒತ್ತಿದರೆ ನೋವು ಕರಾರುವಾಕ್ಕಾಗಿ ಅಲ್ಲೇ. ಮೊದಲ ಎಕ್ಸ್-ರೇಯಲ್ಲಿ ಬಿರುಕು ಕಾಣದಿರುವುದೇ ಹೆಚ್ಚು. ಎಕ್ಸ್-ರೇ ಚೆನ್ನಾಗಿದೆ ಎಂದು ಮತ್ತೆ ಎಳೆಯಲು ಹೋದವರ ಬಿರುಕು ಮುರಿತವಾಗುತ್ತದೆ.

ಇದಕ್ಕೆ ನಾಲ್ಕರಿಂದ ಆರು ವಾರ ರೋಯಿಂಗ್ ಪೂರ್ತಿ ನಿಲ್ಲಬೇಕು. ನೋವಿಲ್ಲದಿದ್ದರೆ ನಿಂತ ಸೈಕಲ್ ತುಳಿದು ಉಸಿರಿನ ಶಕ್ತಿ ಉಳಿಸಿಕೊಳ್ಳಬಹುದು. ಒತ್ತಿದರೂ ಕೆಮ್ಮಿದರೂ ನೋಯದ ಮೇಲೆ ಡ್ರ್ಯಾಗ್ ಫ್ಯಾಕ್ಟರ್ 100ಕ್ಕೆ ಇಳಿಸಿ, ರೇಟ್ 18ರಲ್ಲಿ ಹತ್ತು ನಿಮಿಷ ಹಗುರ ಎಳೆತ. ಮಾರನೆಯ ದಿನ ಬೆಳಗ್ಗೆ ಹಾಸಿಗೆಯಲ್ಲೇ ಆಳವಾಗಿ ಉಸಿರೆಳೆದು ನೋಡಿ. ಚುಚ್ಚದಿದ್ದರೆ ಒಂದು ದಿನ ಬಿಟ್ಟು ಹದಿನೈದು ನಿಮಿಷ, ಆಮೇಲೆ ಇಪ್ಪತ್ತು. ಮೊದಲು ಸಮಯ ಹೆಚ್ಚಿಸಿ, ಆಮೇಲೆ ರೇಟ್, ಎಲ್ಲಕ್ಕಿಂತ ಕೊನೆಗೆ ಎಳೆತದ ಜೋರು. ಚುಚ್ಚಿದರೆ ಒಂದು ವಾರ ಹಿಂದಕ್ಕೆ.